‘ಅಳೆದದ್ದು’ ಎಂಬ ಕಾಲಮ್ಮು

ನೋಡದೇ ಬರೆದ ಸಂಖ್ಯೆ ಕೊನೆಗೆ ಸರಿಯಾಗೇ ಇದ್ದರೆ, ಅದು ನಿಜವೋ ಸುಳ್ಳೋ?

ಕೇಳೋಕೆ ಚಿಕ್ಕ ಪ್ರಶ್ನೆ. ಆದರೆ ಕೆಲಸಕ್ಕೆ ಹೋಗಿ ಸಂಬಳ ತಗೊಳ್ಳೋ ನಮ್ಮಂಥವರಿಗೆ ವಾರಕ್ಕೊಂದು ಸಲವಾದರೂ ಎದುರಾಗೋ ಪ್ರಶ್ನೆ. ನನಗಿದು ಎದುರಾಗೋದು ಫ್ಯಾನ್ ರೂಮಿನಲ್ಲಿ. ಹಾಗಾಗಿ ಅಲ್ಲಿಂದಲೇ ಶುರುಮಾಡ್ತೀನಿ. ಸ್ವಲ್ಪ ಧೂಳು, ಸ್ವಲ್ಪ ಸದ್ದು ಸಹಿಸಿಕೊಳ್ಳಿ.

ನೀವು ಆಫೀಸಿನಲ್ಲಿ ಕೂತಿರುವಾಗ ತಲೆಯ ಮೇಲಿನ ಜಾಲರಿಯಿಂದ ತಣ್ಣನೆಯ ಗಾಳಿ ಬರುತ್ತಲ್ಲ, ಅದು ಹೊರಡೋದು ಅದೇ ಮಹಡಿಯ ಯಾವುದೋ ಮೂಲೆಯಲ್ಲಿ ಬೀಗ ಹಾಕಿಟ್ಟ ಒಂದು ಕೋಣೆಯಿಂದ. ಒಳಗೆ ತಗಡಿನ ದೊಡ್ಡ ಪೆಟ್ಟಿಗೆ ಇರುತ್ತೆ. ಏರ್ ಹ್ಯಾಂಡ್ಲಿಂಗ್ ಯೂನಿಟ್, ನಮ್ಮ ಬಾಯಲ್ಲಿ ಎಎಚ್‌ಯು. ವಾಪಸ್ ಬಂದ ಗಾಳಿ ಫಿಲ್ಟರ್ ದಾಟಿ, ತಣ್ಣೀರು ಹರಿಯುವ ಕಾಯಿಲ್ ದಾಟಿ, ಫ್ಯಾನಿನ ಬಾಯಿಗೆ ಬಿದ್ದು, ಡಕ್ಟಿನೊಳಗಿಂದ ಮತ್ತೆ ನಿಮ್ಮ ತಲೆಯ ಮೇಲೆ ಬರುತ್ತೆ. ಹಳೆಯ ಪೆಟ್ಟಿಗೆಗಳಲ್ಲಿ ಒಂದು ದೊಡ್ಡ ಫ್ಯಾನು, ಪಕ್ಕದಲ್ಲಿ ಮೋಟರು, ಎರಡರ ನಡುವೆ ಬೆಲ್ಟು. ಹದಿನೈದು ಇಪ್ಪತ್ತು ವರ್ಷ ಓಡಿದ ಮೇಲೆ ಬೇರಿಂಗು ಕೂಗೋಕೆ ಶುರುಮಾಡುತ್ತೆ, ಬೆಲ್ಟು ಸವೆದು ಕಪ್ಪು ಪುಡಿ ಉದುರುತ್ತೆ. ಆಗ ಪೆಟ್ಟಿಗೆಯನ್ನ ಹಾಗೇ ಉಳಿಸಿ, ಒಳಗಿನ ಫ್ಯಾನನ್ನ ಮಾತ್ರ ತೆಗೆದು, ಆ ಜಾಗದಲ್ಲಿ ಬೆಲ್ಟಿಲ್ಲದ ನಾಲ್ಕೋ ಆರೋ ಚಿಕ್ಕ ಫ್ಯಾನುಗಳನ್ನ ಗೋಡೆಯ ಹಾಗೆ ಜೋಡಿಸೋದು ಈಚಿನ ರೂಢಿ.

ಹೊಸ ಫ್ಯಾನಿಗೆ ಆರ್ಡರ್ ಹಾಕೋ ಮುಂಚೆ ಯಾರಾದರೂ ಹೋಗಿ ಅಳತೆ ತಗೋಬೇಕು. ಅದು ನನ್ನ ಕೆಲಸ. ಕೈಯಲ್ಲಿ ಒಂದು ಫಾರ್ಮು, ಅದರಲ್ಲಿ ಎರಡು ಕಾಲಮ್ಮು. ಮೊದಲನೆಯದು ‘ನಮೂದಾಗಿರುವುದು’: ಮೋಟರಿನ ನೇಮ್‌ಪ್ಲೇಟಿನಲ್ಲೋ ಹಳೆಯ ಡ್ರಾಯಿಂಗಿನಲ್ಲೋ ಏನಿದೆಯೋ ಅದು. ಎರಡನೆಯದು ‘ಅಳೆದದ್ದು’.

ಅಳೆಯೋದು ಏನೇನು? ಮೊದಲು ಟೇಪಿನ ಕೆಲಸ. ಫ್ಯಾನ್ ಕೂತಿರುವ ಭಾಗದ ಒಳಗಿನ ಅಗಲ, ಎತ್ತರ, ಉದ್ದ. ಅದನ್ನೂ ಒಂದೇ ಕಡೆ ಹಿಡಿದರೆ ಸಾಲದು, ಮೂರು ಕಡೆ ಹಿಡಿಯಬೇಕು, ಯಾಕಂದರೆ ಹಳೇ ತಗಡು ಎಲ್ಲೋ ಒಂದು ಕಡೆ ಒಳಕ್ಕೆ ಬಾಗಿರುತ್ತೆ. ಕಾಯಿಲಿಗೂ ಫ್ಯಾನಿಗೂ ಮಧ್ಯದ ದೂರ. ಬಾಗಿಲಿನ ಅಗಲ, ಅಂದರೆ ಬಾಗಿಲು ಪೂರ್ತಿ ತೆರೆದಾಗ ನಿಜವಾಗಿ ಉಳಿಯುವ ಸಂದು. ಆಮೇಲೆ ಹೊಸ ಫ್ಯಾನು ಬರಬೇಕಾದ ದಾರಿ: ಸರ್ವಿಸ್ ಲಿಫ್ಟು, ಕಾರಿಡಾರಿನ ತಿರುವು, ಅಲ್ಲಿ ತಗ್ಗಿಗೆ ಇಳಿದಿರುವ ಸ್ಪ್ರಿಂಕ್ಲರ್ ಪೈಪು. ಮುಂದೆ ವಿದ್ಯುತ್ತು: ಮೂರೂ ಫೇಸಿನ ವೋಲ್ಟೇಜು, ಕ್ಲ್ಯಾಂಪ್ ಮೀಟರ್ ಹಿಡಿದು ಮೂರೂ ಫೇಸಿನ ಆಂಪಿಯರು, ಟ್ಯಾಕೋಮೀಟರಿನಲ್ಲಿ ಫ್ಯಾನಿನ ವೇಗ. ಆಮೇಲೆ ಒತ್ತಡ: ಫಿಲ್ಟರಿನ ಹಿಂದೆ ಮುಂದೆ, ಕಾಯಿಲಿನ ಹಿಂದೆ ಮುಂದೆ, ಫ್ಯಾನಿನ ಹಿಂದೆ ಮುಂದೆ. ಕೊನೆಗೆ ಎಲ್ಲಕ್ಕಿಂತ ತಲೆ ತಿನ್ನೋದು: ಗಾಳಿ ಎಷ್ಟು ಹರೀತಿದೆ?

ಗಾಳಿ ಕಣ್ಣಿಗೆ ಕಾಣಲ್ಲ, ಎಲ್ಲ ಕಡೆ ಒಂದೇ ವೇಗದಲ್ಲಿ ಹೋಗೋದೂ ಇಲ್ಲ. ಡಕ್ಟಿನ ಮಧ್ಯದಲ್ಲಿ ಜೋರು, ಅಂಚಿನಲ್ಲಿ ನಿಧಾನ, ತಿರುವಿನ ಹತ್ತಿರ ಮನಸ್ಸಿಗೆ ಬಂದ ಹಾಗೆ. ಆದ್ದರಿಂದ ಡಕ್ಟಿಗೆ ಸಾಲಾಗಿ ಸಣ್ಣ ತೂತು ಕೊರೆದು, ಒಳಗಿನ ಜಾಗವನ್ನ ಮನಸ್ಸಿನಲ್ಲೇ ಚೌಕಗಳಾಗಿ ಭಾಗಮಾಡಿ, ಪ್ರತಿ ಚೌಕದ ನಡುವೆ ಪಿಟೋ ಕೊಳವೆ ಹಿಡಿದು ಒಂದೊಂದೇ ರೀಡಿಂಗ್ ಬರೆಯಬೇಕು. ಇಪ್ಪತ್ತೈದು ಬಿಂದು ಅಂದರೆ ಇಪ್ಪತ್ತೈದು ಸಲ ಉಸಿರು ಬಿಗಿಹಿಡಿದು ನಿಲ್ಲೋದು. ಮುಗಿದ ಮೇಲೆ ತೂತುಗಳನ್ನ ಮುಚ್ಚೋದು. ಆಮೇಲೆ ಲೆಕ್ಕ.

ಒಂದು ಶನಿವಾರ ರಾತ್ರಿ, ಹೊರವರ್ತುಲ ರಸ್ತೆಯ ಕಡೆಯ ಒಂದು ಆಫೀಸ್ ಕಟ್ಟಡ. ಒಂಬತ್ತು ಎಎಚ್‌ಯು. ನಮಗೆ ಕೊಟ್ಟ ಸಮಯ ರಾತ್ರಿ ಹತ್ತರಿಂದ ಬೆಳಗಿನ ಐದು. ಬೀಗದಕೈ ಗೊಂಚಲು ಹಿಡಿದು ನಿಂತ ಫೆಸಿಲಿಟಿಯವರಿಗೆ ಮನೆಗೆ ಹೋಗೋ ತವಕ. ಆರು ಮುಗಿಸಿ ಏಳನೆಯದಕ್ಕೆ ಬರೋ ಹೊತ್ತಿಗೆ ಮೂರೂವರೆ. ನನ್ನ ಜತೆಗಿದ್ದ ಹುಡುಗ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಡಿಪ್ಲೊಮಾ ಓದಿದವನು, ಕೈ ಚುರುಕು. ಅವನು ಕೇಳಿದ: “ಸರ್, ಆರೂ ಒಂದೇ ಥರ ಬಂದಿದೆ. ಇದೂ ಅದೇ ಮಾಡೆಲ್ಲು, ಅದೇ ಮೋಟರು. ಆರನೇದರ ರೀಡಿಂಗನ್ನೇ ಸ್ವಲ್ಪ ಆಚೆ ಈಚೆ ಮಾಡಿ ಬರೆದ್ಬಿಡ್ಲಾ? ಹೇಗಿದ್ರೂ ಅದೇ ಬರೋದು.”

ಬೇಡ, ಅಳೆಯೋಣ ಅಂದೆ. ಅಳೆದ್ವಿ. ಮುಕ್ಕಾಲು ಗಂಟೆ ಹಿಡೀತು. ಏನು ಬಂತು ಗೊತ್ತಾ? ಹೆಚ್ಚೂಕಮ್ಮಿ ಅದೇ ಬಂತು. ಹುಡುಗ ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದರೆ ‘ನೋಡಿದ್ರಾ ಸರ್’ ಅನ್ನೋ ನಗು ಮುಖದಲ್ಲಿತ್ತು. ಕತೆಯಲ್ಲಾಗಿದ್ದರೆ ಏಳನೆಯದರಲ್ಲಿ ಏನಾದರೂ ಭಾರಿ ವ್ಯತ್ಯಾಸ ಸಿಕ್ಕಿ, ನಾನು ಗುರುವಿನ ಹಾಗೆ ತಲೆಯಾಡಿಸಬಹುದಿತ್ತು. ಸಿಗಲಿಲ್ಲ. ಹಾಗಾಗಿ ಪ್ರಶ್ನೆ ನನ್ನ ಹತ್ತಿರವೇ ಉಳೀತು: ಆ ಮುಕ್ಕಾಲು ಗಂಟೆಯಿಂದ ಬಂದಿದ್ದೇನು?

ಸುಲಭದ ಉತ್ತರ ಒಂದಿದೆ. ಈ ಸಲ ಸರಿಹೋಯ್ತು, ಪ್ರತಿಸಲ ಹೋಗಲ್ಲ. ಇದು ನಿಜವೇ. ನೇಮ್‌ಪ್ಲೇಟಿನಲ್ಲಿ 27 ಆಂಪಿಯರ್ ಅಂತಿರೋ ಮೋಟರು ಓಡುವಾಗ 18 ಎಳೀತಿರಬಹುದು. ಕಾರಿನ ಮೀಟರಿನಲ್ಲಿ 220 ಅಂತ ಬರೆದಿದೆ ಅಂದಮಾತ್ರಕ್ಕೆ ಸಿಲ್ಕ್ ಬೋರ್ಡಿನಲ್ಲಿ ನೀವು 220ರಲ್ಲಿ ಹೋಗ್ತಿದೀರಿ ಅಂತಲ್ಲ ತಾನೆ? ಸದ್ದು ಜಾಸ್ತಿ ಅಂತ ಯಾರೋ ಯಾವಾಗಲೋ ಪುಲ್ಲಿ ಬದಲಾಯಿಸಿರಬಹುದು. ಮೋಟರ್ ಸುಟ್ಟಾಗ ಕೈಗೆ ಸಿಕ್ಕ ಇನ್ನೊಂದನ್ನ ಕೂರಿಸಿರಬಹುದು. ಡ್ರಾಯಿಂಗಿಗೆ ಇದ್ಯಾವುದೂ ಗೊತ್ತಿರಲ್ಲ.

ನಾವು ಹಿಡಿಯೋ ಆ ಕೊಳವೆಯ ಹುಟ್ಟೇ ಇಂಥದ್ದೊಂದು ಪಾಠ. 1732ರಲ್ಲಿ ಆನ್ರಿ ಪಿಟೋ ಅನ್ನೋ ಫ್ರೆಂಚ್ ಎಂಜಿನಿಯರ್ ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಬಾಗಿಸಿದ ಗಾಜಿನ ಕೊಳವೆ ಇಳಿಸಿ ನೀರಿನ ವೇಗ ಅಳೆದ. ಆಳಕ್ಕೆ ಹೋದಷ್ಟೂ ನೀರು ಜೋರಾಗಿ ಹರಿಯುತ್ತೆ ಅಂತ ಆಗಿನ ತಿಳಿದವರು ನಂಬಿದ್ದರು. ಮೇಲಿನ ನೀರಿನ ಭಾರ ಕೆಳಗಿನದನ್ನ ತಳ್ಳುತ್ತಲ್ಲ, ಕೇಳೋಕೆ ಸರಿಯಾಗೇ ಇತ್ತು. ಪಿಟೋ ನೋಡಿದರೆ ಉಲ್ಟಾ: ಆಳಕ್ಕೆ ಹೋದ ಹಾಗೆ ವೇಗ ಕಮ್ಮಿ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಅಂತ ನಮ್ಮಲ್ಲಿ ಗಾದೆಯೇ ಇದೆ. ಅವರು ಪ್ರತ್ಯಕ್ಷವಾಗಿ ಕಂಡೂ ಇರಲಿಲ್ಲ.

ಆದರೆ ಈ ಉತ್ತರ ನನ್ನ ಹುಡುಗನ ಪ್ರಶ್ನೆಯನ್ನ ಮುಟ್ಟೋದೇ ಇಲ್ಲ. ‘ತಪ್ಪಾಗಬಹುದು, ಅದಕ್ಕೇ ಅಳೀಬೇಕು’ ಅಂದರೆ, ತಪ್ಪಾಗೋ ಸಾಧ್ಯತೆ ಕಮ್ಮಿ ಇದ್ದಲ್ಲಿ ಅಳೆಯದೇ ಬರೆಯಬಹುದು ಅಂತಾಯ್ತು. ಆರು ಒಂದೇ ಥರ ಬಂದಮೇಲೆ ಏಳನೆಯದೂ ಹಾಗೇ ಬರುತ್ತೆ ಅನ್ನೋದು ಒಳ್ಳೆಯ ಊಹೆ. ಅವನ ಲೆಕ್ಕ ಕೆಟ್ಟದಿರಲಿಲ್ಲ. ಹಾಗಿದ್ದರೆ ತಪ್ಪೆಲ್ಲಿದೆ?

1877ರಲ್ಲಿ ವಿಲಿಯಂ ಕ್ಲಿಫರ್ಡ್ ಅನ್ನೋ ಇಂಗ್ಲೆಂಡಿನ ಗಣಿತಜ್ಞ ನಂಬಿಕೆಯ ನೀತಿ ಕುರಿತು ಒಂದು ಪ್ರಬಂಧ ಬರೆದ. ಅದರಲ್ಲಿ ಒಬ್ಬ ಹಡಗಿನ ಮಾಲೀಕ ಬರ್ತಾನೆ. ಹಡಗು ಹಳೆಯದು, ರಿಪೇರಿ ಬೇಕೇನೋ ಅನ್ನೋ ಅನುಮಾನ ಅವನಿಗೆ ಇದೆ. ಇಷ್ಟು ಸಲ ಸುರಕ್ಷಿತವಾಗಿ ಹೋಗಿ ಬಂದಿದೆ, ಈ ಸಲವೂ ಬರುತ್ತೆ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡು ಜನರನ್ನ ಹತ್ತಿಸಿ ಕಳಿಸ್ತಾನೆ. ಹಡಗು ಮುಳುಗುತ್ತೆ. ಅವನು ತಪ್ಪಿತಸ್ಥ ಅಂತ ಯಾರು ಬೇಕಾದರೂ ಹೇಳ್ತಾರೆ. ಕ್ಲಿಫರ್ಡ್ ಮುಂದಕ್ಕೆ ಹೋಗಿ ಕೇಳೋದೇನಂದರೆ, ಹಡಗು ಮುಳುಗದೇ ಕ್ಷೇಮವಾಗಿ ದಡ ಸೇರಿದ್ದರೆ? ಆಗಲೂ ಅವನು ಅಷ್ಟೇ ತಪ್ಪಿತಸ್ಥ ಅನ್ನೋದು ಅವನ ವಾದ. ಸಿಕ್ಕಿಬೀಳಲಿಲ್ಲ, ಅಷ್ಟೇ ವ್ಯತ್ಯಾಸ. ನಂಬಿಕೆ ನಿಜವಾಗೋದು ಬೇರೆ, ಹಾಗೆ ನಂಬೋಕೆ ನಮಗೆ ಹಕ್ಕಿರೋದು ಬೇರೆ.

ಕ್ಲಿಫರ್ಡ್ ಸ್ವಲ್ಪ ಕಟ್ಟುನಿಟ್ಟಿನ ಮನುಷ್ಯ. ಅವನ ಮಾತನ್ನ ಅಕ್ಷರಶಃ ಹಿಡಿದರೆ ನಾವು ಲಿಫ್ಟನ್ನೂ ಹತ್ತೋ ಹಾಗಿಲ್ಲ, ಹೋಟೆಲಿನ ಇಡ್ಲಿಯನ್ನೂ ತಿನ್ನೋ ಹಾಗಿಲ್ಲ. 1896ರಲ್ಲಿ ಅಮೆರಿಕದ ವಿಲಿಯಂ ಜೇಮ್ಸ್ ಅವನಿಗೆ ಎದುರು ವಾದ ಹೂಡಿದ: ಕೆಲವು ಕಡೆ ಪುರಾವೆ ಪೂರ್ತಿ ಸಿಗೋ ತನಕ ಕಾಯ್ತಾ ಕೂತರೆ ಬದುಕೇ ಕೈತಪ್ಪುತ್ತೆ. ಸರಿ, ಒಪ್ಪೋಣ. ನಂಬಿಕೆ ಬೇಕು, ಊಹೆ ಬೇಕು. ನನ್ನ ಫಾರ್ಮಿನಲ್ಲಿ ಅದಕ್ಕೂ ಜಾಗ ಇದೆ, ಮೊದಲನೇ ಕಾಲಮ್ಮಿನಲ್ಲೋ ಷರಾದಲ್ಲೋ ಬರೆಯಬಹುದು. ‘ಏಳನೆಯದೂ ಆರನೆಯದರ ಹಾಗೇ ಇರಬಹುದು’ ಅಂತ ಹುಡುಗ ಅಲ್ಲಿ ಬರೆದಿದ್ದರೆ ಅದು ಪ್ರಾಮಾಣಿಕ ಊಹೆ. ಅದೇ ಅಂಕಿ ‘ಅಳೆದದ್ದು’ ಅನ್ನೋ ಕಾಲಮ್ಮಿಗೆ ಹೋದ ಕೂಡಲೇ ಸುಳ್ಳಾಗುತ್ತೆ. ಗಾಳಿಯ ಬಗ್ಗೆ ಅದು ನಿಜವನ್ನೇ ಹೇಳ್ತಿರಬಹುದು, ಆದರೆ ನಮ್ಮ ಬಗ್ಗೆ ಸುಳ್ಳು ಹೇಳುತ್ತೆ. ‘ಇವರು ಅಲ್ಲಿಗೆ ಹೋದರು, ಕೊಳವೆ ಹಿಡಿದರು, ನೋಡಿದರು’ ಅನ್ನುತ್ತೆ.

ಇನ್ನೊಂದು ವಿಷಯ ನನಗೆ ಆಮೇಲೆ ಹೊಳೀತು. ‘ಸ್ವಲ್ಪ ಆಚೆ ಈಚೆ ಮಾಡಿ’ ಅಂದನಲ್ಲ, ಯಾಕೆ? ಅದೇ ಬರೋದು ಅನ್ನೋ ಖಾತ್ರಿ ಇದ್ದರೆ ಅದನ್ನೇ ಬರೆಯಬಹುದಿತ್ತು. ಎರಡು ಸಾಲು ಪೂರ್ತಿ ಒಂದೇ ಥರ ಇದ್ದರೆ ನೋಡಿದವರಿಗೆ ಗೊತ್ತಾಗಿಬಿಡುತ್ತೆ, ಅದಕ್ಕೆ. ಊಹೆಗೆ ವೇಷ ಬೇಕಾಗಿಲ್ಲ. ಅಂಕಿಯನ್ನ ಅಲ್ಲಲ್ಲಿ ಕೆದಕಬೇಕು ಅನಿಸಿದ ಕ್ಷಣದಲ್ಲೇ ಅವನ ಮನಸ್ಸಿಗೆ ಉತ್ತರ ಗೊತ್ತಿತ್ತು.

ಕನ್ನಡದಲ್ಲಿ ‘ಪ್ರಮಾಣ’ ಅಂತ ಒಂದು ಪದ ಇದೆಯಲ್ಲ, ಅದನ್ನ ಸ್ವಲ್ಪ ಬಿಡಿಸಿ ನೋಡಿ. ‘ಮಳೆಯ ಪ್ರಮಾಣ’ ಅಂದಾಗ ಅದು ಅಳತೆ. ತರ್ಕಶಾಸ್ತ್ರದಲ್ಲಿ ಅದು ತಿಳಿವಳಿಕೆಯ ದಾರಿ. ನ್ಯಾಯ ದರ್ಶನದವರು ನಾಲ್ಕು ಹೇಳ್ತಾರೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಇನ್ನು ಧರ್ಮಸ್ಥಳದಲ್ಲೋ ಕೋರ್ಟಿನಲ್ಲೋ ‘ಪ್ರಮಾಣ ಮಾಡು’ ಅಂದರೆ ಆಣೆ. ಅಳತೆ, ಅರಿವಿನ ಆಧಾರ, ಆಣೆ, ಮೂರಕ್ಕೂ ಒಂದೇ ಪದ. ಇದು ಬರೀ ಭಾಷೆಯ ಆಕಸ್ಮಿಕ ಅಂತ ನನಗೆ ಅನಿಸಲ್ಲ. ‘ಅಳೆದದ್ದು’ ಅಂತ ಬರೆಯೋದು ಒಂದು ಸಣ್ಣ ಆಣೆಯೇ.

ಅದರಲ್ಲೂ ಶಬ್ದಪ್ರಮಾಣದ ಮಾತು ಇಲ್ಲಿಗೆ ಚೆನ್ನಾಗಿ ಹೊಂದುತ್ತೆ. ಶಬ್ದ ಅಂದರೆ ನಂಬಿಕಸ್ಥ, ಆಪ್ತ ಆದವನ ಮಾತು. ಇನ್ನೆಲ್ಲೋ ಊರಿನ ಕಾರ್ಖಾನೆಯಲ್ಲಿ ಕೂತು ಈ ಪೆಟ್ಟಿಗೆಗೆ ಫ್ಯಾನು ಆರಿಸುವವರು ಈ ಕಟ್ಟಡವನ್ನ ಜನ್ಮದಲ್ಲಿ ನೋಡಲ್ಲ. ನನಗೆ ಪ್ರತ್ಯಕ್ಷ ಆಗಿದ್ದು ಅವರಿಗೆ ಶಬ್ದ ಮಾತ್ರ. ನನ್ನ ಎರಡು ಕಾಲಮ್ಮನ್ನ ಅವರು ಎರಡು ಸಾಕ್ಷಿಗಳ ಹಾಗೆ ನೋಡ್ತಾರೆ. ನೇಮ್‌ಪ್ಲೇಟು ಒಂದು ಹೇಳುತ್ತೆ, ಅಳತೆಯೂ ಅದನ್ನೇ ಹೇಳುತ್ತೆ, ಹಾಗಾದರೆ ಧೈರ್ಯವಾಗಿ ಮುಂದುವರಿಯಬಹುದು ಅಂದುಕೊಳ್ತಾರೆ. ಮೊದಲನೆಯದನ್ನ ನೋಡಿ ಎರಡನೆಯದನ್ನ ನಾನು ತುಂಬಿಸಿದ್ದರೆ ಅಲ್ಲಿರೋದು ಒಂದೇ ಸಾಕ್ಷಿ, ಎರಡು ಸಲ ಮಾತಾಡಿದೆ. ಅವರ ಧೈರ್ಯಕ್ಕೆ ಆಧಾರವೇ ಇಲ್ಲ, ಆದರೆ ಅದು ಅವರಿಗೆ ಗೊತ್ತಾಗೋ ದಾರಿಯೂ ಇಲ್ಲ. ಖಾಲಿ ಬಿಟ್ಟ ಮನೆಗಿಂತ ಇದು ಕೆಟ್ಟದ್ದು. ಖಾಲಿ ಮನೆ ಕಂಡರೆ ಅವರು ಎಚ್ಚರ ವಹಿಸ್ತಿದ್ದರು.

ಇಷ್ಟೆಲ್ಲ ಹೇಳಿ, ಅಳೆದ ಅಂಕಿ ಅಂದರೆ ಅದೇ ಪರಮಸತ್ಯ ಅಂತ ನಾನು ಹೇಳ್ತಿಲ್ಲ. ಅಳತೆಗೂ ಷರತ್ತುಗಳಿವೆ. ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿನ ಗಾಳಿಯ ಸಾಂದ್ರತೆ ಚೆನ್ನೈ, ಮಂಗಳೂರಿಗಿಂತ ಸುಮಾರು ಶೇಕಡ 10 ಕಮ್ಮಿ. ಫ್ಯಾನಿನ ಕ್ಯಾಟಲಾಗು ಸಾಮಾನ್ಯವಾಗಿ ಸಮುದ್ರಮಟ್ಟದ ಗಾಳಿಗೆ ಲೆಕ್ಕ ಹಾಕಿರುತ್ತೆ. ಪಿಟೋ ಕೊಳವೆ ತೋರಿಸೋದು ಒತ್ತಡ, ಅದರಿಂದ ವೇಗ ಲೆಕ್ಕ ಹಾಕೋವಾಗ ಸಾಂದ್ರತೆ ಬೇಕು. 25 ಪಾಸ್ಕಲ್ ಬಂದರೆ ಸಮುದ್ರಮಟ್ಟದಲ್ಲಿ ಅದು ಸೆಕೆಂಡಿಗೆ 6.45 ಮೀಟರ್, ಬೆಂಗಳೂರಿನಲ್ಲಿ ಸುಮಾರು 6.8. ಫಿಲ್ಟರು ಕೊಳೆಯಾಗಿತ್ತಾ, ತೊಳೆದಿತ್ತಾ? ಡ್ಯಾಂಪರುಗಳು ಪೂರ್ತಿ ತೆರೆದಿದ್ದವಾ? ಇದನ್ನೆಲ್ಲ ಬರೆಯದಿದ್ದರೆ ಅಳೆದ ಅಂಕಿಯೂ ಅರ್ಧ ಮಾತು.

ಲೆಕ್ಕದಲ್ಲೂ ಒಂದು ಬಲೆ ಇದೆ. ಪ್ರತಿ ಬಿಂದುವಿನ ಒತ್ತಡಕ್ಕೂ ಮೊದಲು ವರ್ಗಮೂಲ ತೆಗೆದು, ಆಮೇಲೆ ಸರಾಸರಿ ಮಾಡಬೇಕು. ಎರಡು ಬಿಂದುವಿನಲ್ಲಿ 4 ಮತ್ತು 36 ಬಂದರೆ ವರ್ಗಮೂಲ 2 ಮತ್ತು 6, ಸರಾಸರಿ 4. ಸೋಮಾರಿತನಕ್ಕೆ ಮೊದಲೇ ಸರಾಸರಿ ಮಾಡಿದರೆ 20, ಅದರ ವರ್ಗಮೂಲ 4.47. ಶೇಕಡ 12ರಷ್ಟು ಜಾಸ್ತಿ. ಗಾಳಿ ಏರುಪೇರಾಗಿ ಹರೀತಿದ್ದರೆ ಈ ಅಡ್ಡದಾರಿ ಯಾವತ್ತೂ ಜಾಸ್ತಿಯ ಕಡೆಗೇ ತಪ್ಪುತ್ತೆ, ಯಾವತ್ತೂ ಫ್ಯಾನನ್ನ ಹೊಗಳುತ್ತೆ.

ಈಗ ಅಸಲಿ ತಾಪತ್ರಯಕ್ಕೆ ಬರ್ತೀನಿ. ಆ ರಾತ್ರಿ ಎಂಟನೆಯದು ಮುಗಿಯೋ ಹೊತ್ತಿಗೆ ಐದಾಯ್ತು. ಒಂಬತ್ತನೆಯದಕ್ಕೆ ಸಮಯ ಉಳೀಲಿಲ್ಲ. ಅದರ ಮುಂದೆ ‘ಅಳೆದಿಲ್ಲ’ ಅಂತ ಹಾಕು ಅಂದೆ. ಹುಡುಗ ಟ್ಯಾಬ್ ತೋರಿಸಿದ. “ಸರ್, ತಗೊಳ್ತಿಲ್ಲ.” ನಿಜ. ಆ ಮನೆಯ ಪಕ್ಕ ಕೆಂಪು ನಕ್ಷತ್ರ. ಅಂಕಿ ತುಂಬದೇ ಮುಂದಿನ ಪುಟಕ್ಕೆ ಬಿಡಲ್ಲ. ಅಕ್ಷರ ಒತ್ತಿದರೆ ಕೆಂಪಗಾಗುತ್ತೆ. ಸೊನ್ನೆ ಹಾಕಬಹುದು, ಆದರೆ ಅದು ಗಾಳಿಯೇ ಇಲ್ಲ ಅಂದ ಹಾಗೆ. ಅಂದರೆ ಆ ಫಾರ್ಮಿನಲ್ಲಿ ನಿಜ ಹೇಳೋಕೆ ಜಾಗವೇ ಇಲ್ಲ.

ಅಲ್ಲಿಗೆ ನನ್ನ ಪ್ರಶ್ನೆಯ ದಿಕ್ಕೇ ಬದಲಾಯ್ತು. ಅಷ್ಟೊತ್ತೂ ನಾನು ಒಬ್ಬ ಹುಡುಗನ ಪ್ರಾಮಾಣಿಕತೆ ಬಗ್ಗೆ ಯೋಚಿಸ್ತಿದ್ದೆ. ‘ಗೊತ್ತಿಲ್ಲ’ ಅನ್ನೋ ಉತ್ತರವನ್ನ ತಗೊಳ್ಳದ ಫಾರ್ಮು ಮಾಡಿದವರ ಪ್ರಾಮಾಣಿಕತೆ? ಒಂಬತ್ತನೆಯದರ ಅಂಕಿ ಎಲ್ಲಿ ಅಂತ ಸೋಮವಾರ ಬೆಳಗ್ಗೆ ಗದರೋ ಮ್ಯಾನೇಜರ್? ಏಳು ಗಂಟೆಯಲ್ಲಿ ಒಂಬತ್ತು ಅಂತ ಒಪ್ಪಿಕೊಂಡು ಬಂದ ನಮ್ಮದೇ ಸೇಲ್ಸಿನವರು? ಖಾಲಿ ಮನೆಗೆ ಶಿಕ್ಷೆ, ತುಂಬಿದ ಮನೆಗೆ ಶಹಬ್ಬಾಸ್ ಅಂತಾದರೆ ಜನ ತುಂಬ್ತಾರೆ. ನಿಮ್ಮ ಟೈಮ್‌ಶೀಟು, ಶುಕ್ರವಾರ ಸಂಜೆಯ ಸ್ಟೇಟಸ್ ರಿಪೋರ್ಟು, ಓದದೇ ‘ನೋಡಿದೆ, ಸರಿಯಿದೆ’ ಅಂತ ಒತ್ತೋ ಬಟನ್ನು, ಇದರಲ್ಲಿ ಎಷ್ಟು ಕೆಂಪು ನಕ್ಷತ್ರಗಳಿವೆ ಎಣಿಸಿ ನೋಡಿ. ಹಾಗಂತ ಬರೆದವನ ಪಾಲು ಮಾಯ ಆಗಲ್ಲ. ಆದರೆ ಆ ಸುಳ್ಳಿನ ಕೆಳಗೆ ಸಹಿ ಒಬ್ಬನದೇ ಇರಬಾರದು.

ಈ ಅಪನಂಬಿಕೆಗೆ ನಾವೆಲ್ಲ ದಂಡ ಕಟ್ತಾನೇ ಇದ್ದೀವಿ. ಸೈಟಿನಿಂದ ಬಂದ ಅಂಕಿಯನ್ನ ಯಾರೂ ಪೂರ್ತಿ ನಂಬಲ್ಲ. ಕನ್ಸಲ್ಟೆಂಟು ಇರಲಿ ಅಂತ ಶೇಕಡ 10 ಸೇರಿಸ್ತಾರೆ. ಕಾಂಟ್ರಾಕ್ಟರು ತಮ್ಮ ತಲೆ ಉಳೀಲಿ ಅಂತ ಇನ್ನೊಂದು 10. ಫ್ಯಾನು ಮಾರೋರು ಇನ್ನೊಂದು 10. ಒಟ್ಟು ಶೇಕಡ 33 ಜಾಸ್ತಿ. ಅದೇ ಡಕ್ಟಿನಲ್ಲಿ ಫ್ಯಾನಿಗೆ ಬೇಕಾಗುವ ಶಕ್ತಿ ಗಾಳಿಯ ಹರಿವಿನ ಘನದ ಲೆಕ್ಕದಲ್ಲಿ ಏರುತ್ತೆ. ಅಂದರೆ ಅಷ್ಟು ಗಾಳಿಯನ್ನ ನಿಜವಾಗಿ ತಳ್ಳಿದರೆ ಎರಡೂಕಾಲು ಪಟ್ಟಿಗಿಂತ ಜಾಸ್ತಿ ವಿದ್ಯುತ್ತು. ಸಾಮಾನ್ಯವಾಗಿ ತಳ್ಳಲ್ಲ. ದೊಡ್ಡ ಫ್ಯಾನು ತಂದು, ವೇಗ ಇಳಿಸಿಯೋ ಡ್ಯಾಂಪರ್ ಮುಚ್ಚಿಯೋ ಓಡಿಸ್ತಾರೆ. ಬೇಕಾದ್ದಕ್ಕಿಂತ ದೊಡ್ಡ ಮೋಟರು, ದಪ್ಪ ಕೇಬಲ್ಲು, ಜಾಸ್ತಿ ದುಡ್ಡು. ಮೂರು ಜನ ಒಬ್ಬರನ್ನೊಬ್ಬರು ನಂಬದೇ ಇದ್ದಿದ್ದಕ್ಕೆ ಆದ ಖರ್ಚು ಅದು. ಯಾವ ಬಿಲ್ಲಿನಲ್ಲೂ ಆ ಹೆಸರಿನಲ್ಲಿ ಕಾಣಿಸಲ್ಲ.

ನಾವು ಮಾಡಿದ್ದು ಇಷ್ಟು. ನಮ್ಮ ಫಾರ್ಮಿಗೆ ಮೂರನೇ ಕಾಲಮ್ಮು ಸೇರಿಸಿದ್ವಿ: ‘ಹೇಗೆ ಗೊತ್ತು’. ಅದರಲ್ಲಿ ನಾಲ್ಕೇ ಉತ್ತರ: ಅಳೆದೆ, ಓದಿದೆ, ಊಹಿಸಿದೆ, ಗೊತ್ತಿಲ್ಲ. ನಾಲ್ಕೂ ಗೌರವದ ಉತ್ತರಗಳೇ. ನಕ್ಷತ್ರ ಹಾಗೇ ಇದೆ, ಆದರೆ ಈಗ ‘ಗೊತ್ತಿಲ್ಲ’ ಅಂದರೂ ಪುಟ ಮುಂದಕ್ಕೆ ಹೋಗುತ್ತೆ. ಮೊದಲ ತಿಂಗಳು ‘ಊಹಿಸಿದೆ’ ಅನ್ನೋದು ನಾವು ಎಣಿಸಿದ್ದಕ್ಕಿಂತ ಜಾಸ್ತಿ ಬಂತು. ಆಫೀಸಿನಲ್ಲಿ ಕೆಲವರಿಗೆ ಗಾಬರಿಯಾಯ್ತು, ಕೆಲಸದ ಗುಣಮಟ್ಟ ಬಿತ್ತು ಅಂದರು. ಬಿದ್ದಿದ್ದು ಗುಣಮಟ್ಟ ಅಲ್ಲ, ಮೇಲಿದ್ದ ಮುಸುಕು ಅಂತ ನನ್ನ ಅಭಿಪ್ರಾಯ. ಅವರು ಇನ್ನೂ ಒಪ್ಪಿಲ್ಲ.

ಒಂಬತ್ತನೇ ಪೆಟ್ಟಿಗೆಗೆ ಇನ್ನೊಂದು ರಾತ್ರಿ ಹೋಗಬೇಕಾಯ್ತು. ಗಾಡಿ, ಇಬ್ಬರ ಓವರ್‌ಟೈಮು, ಮತ್ತೆ ಪರ್ಮಿಟ್ಟು. ಒಂದು ಪೆಟ್ಟಿಗೆಗೋಸ್ಕರ ಮತ್ತೆ ಬಂದ್ರಾ ಅಂತ ಕಟ್ಟಡದವರು ಕೇಳಿದರು. ಆ ಖರ್ಚು ಯಾರು ಕೊಡಬೇಕು ಅನ್ನೋ ಮೇಲ್ ವಿನಿಮಯ ಇನ್ನೂ ನಡೀತಿದೆ. ನಿಜ ಹೇಳೋಕೆ ಒಂದು ರೇಟ್ ಇದೆ, ಅದನ್ನ ಕೊಟೇಶನ್ನಿನಲ್ಲಿ ಮೊದಲೇ ಬರೀಬೇಕು ಅಂತ ನಾನೀಗ ಹಟ ಹಿಡಿದಿದ್ದೀನಿ. ಬರೆಯದಿದ್ದರೆ ಅದನ್ನ ಬೆಳಗಿನ ಜಾವ ಮೂರೂವರೆಗೆ, ಎಂಟು ತಿಂಗಳ ಸರ್ವಿಸಿನ ಒಬ್ಬ ಹುಡುಗ ತನ್ನ ಜೇಬಿನಿಂದ ಕೊಡಬೇಕಾಗುತ್ತೆ. ಅವನ ಸಂಬಳ ನನಗೆ ಗೊತ್ತು. ಅಷ್ಟು ದೊಡ್ಡ ಖರ್ಚನ್ನ ಅವನ ಮೇಲೆ ಹೊರಿಸಿ, ಆಮೇಲೆ ಪ್ರಾಮಾಣಿಕತೆ ಬಗ್ಗೆ ಟ್ರೇನಿಂಗ್ ಕೊಡೋದು ನನಗೆ ಸರಿ ಕಾಣಲ್ಲ.